ಅಕ್ಕಾರಿಗೆ ಹೈದರಾಬಾದು ಕೊಡಬೇಕಾಗಿದ್ದ ವನ್ಸ್ ಮೋರ್

ಪಕ್ಕದ ಓಣಿಯಲ್ಲಿ ಒಬ್ಬ ಹೆಸರಾಂತ ನಟಿ ಮನೆ ಮಾಡಿದರೆಂದರೆ ಇಂಥವು ನಡೆಯುತ್ತಲೇ ಇರುತ್ತವೆ. ಅಂಗಡಿಯ ಷಟರ್ ಎಳೆದರೂ ನಿಲ್ಲುವುದಿಲ್ಲ, ಮನೆಗೆ ಬಂದು ನಡೆಯುತ್ತವೆ.

ನನ್ನದು ಕೋಠಿಯಲ್ಲಿ ಸೀರೆ ಅಂಗಡಿ, ಮನೆ ಹಿಮಾಯತ್‌ನಗರದಲ್ಲಿ. ಅಜ್ಜ ಗದಗಿನ ಕಡೆಯಿಂದ ಗಂಟು ಹೊತ್ತು ಬಂದವರು. ಮನೆಯಲ್ಲಿ ಕನ್ನಡ, ಗಿರಾಕಿಯ ಮುಂದೆ ತೆಲುಗು, ಆಟೋದವನ ಮುಂದೆ ಉರ್ದು. ಮೂರರಲ್ಲೂ ನಾನು ಹೇಳುವುದು ಒಂದೇ: ಬಣ್ಣ ಹೋಗುವುದಿಲ್ಲ. ಸಿನಿಮಾದವರ ಹುಚ್ಚು ನನಗಿಲ್ಲ. ನಟಿಯರು ಅಂಗಡಿಗೆ ಬಂದರೆ ಗಿರಾಕಿಗಳು ಅವರ ಮುಖ ನೋಡುತ್ತ ನಿಲ್ಲುತ್ತಾರೆ, ಸೀರೆ ನೋಡುವುದಿಲ್ಲ. ವ್ಯಾಪಾರಕ್ಕೆ ಅದು ನಷ್ಟವೇ.

ಆದರೂ ನಮ್ಮ ಪಕ್ಕದ ಓಣಿಯ ಅಕ್ಕಾರ ಮಾತು ಬೇರೆ. ಅವರೂ ನಮ್ಮ ಗದಗಿನ ಕಡೆಯವರೇ. ನಾಟಕ ಕಂಪನಿಯಲ್ಲಿ ಹುಟ್ಟಿ, ಕಂಪನಿಯಲ್ಲೇ ಬೆಳೆದು, ನಟರು ತಮ್ಮ ಹಾಡು ತಾವೇ ಹಾಡುತ್ತಿದ್ದ ಕಾಲಕ್ಕೆ ಮದ್ರಾಸಿಗೆ ಹೋದವರು. ಮುಂದೆ ಹಾಡಲಿಕ್ಕೆ ಬೇರೆಯವರು, ತುಟಿ ಆಡಿಸಲಿಕ್ಕೆ ಬೇರೆಯವರು ಎನ್ನುವ ಪದ್ಧತಿ ಬಂದಾಗಲೂ ಅಕ್ಕಾರದು ಒಂದೇ ಕರಾರು: "ಮಾರಿ ನಂದಾದ್ರ ದನೀನೂ ನಂದ." ಆ ಕರಾರಿಗೆ ಒಪ್ಪದ ಸಿನಿಮಾ ಬಿಟ್ಟರು, ಒಪ್ಪಿದ ಸಿನಿಮಾಗಳನ್ನೆಲ್ಲ ಗೆಲ್ಲಿಸಿದರು. ಸ್ಟುಡಿಯೋಗಳು ಹೈದರಾಬಾದಿಗೆ ಬಂದಾಗ ಅವರೂ ಬಂದು ನಮ್ಮ ಪಕ್ಕದ ಓಣಿಯಲ್ಲಿ ಮನೆ ಕೊಂಡರು. ಕೆಲವು ವರ್ಷ ಅತ್ತೆಯ ಪಾತ್ರ ಮಾಡಿ ಸೊಸೆಯರನ್ನು ಗೋಳುಹೊಯ್ದುಕೊಂಡು, ಆಮೇಲೆ ಬಣ್ಣ ಹಚ್ಚುವುದನ್ನು ಬಿಟ್ಟರು.

ಗಾದಿಯ ಮೇಲೆ

ಅವರನ್ನು ನಾನು ಮೊದಲು ಕಂಡದ್ದು ಗಿರಾಕಿಯಾಗಿ. ಬಿಳಿ ಕೂದಲು, ಸಾದಾ ನೂಲಿನ ಸೀರೆ, ಕೈಯಲ್ಲಿ ವೈರಿನ ಬುಟ್ಟಿ. ಗುರುತು ಹತ್ತಲಿಲ್ಲ. ಗಾದಿಯ ಮೇಲೆ ಕೂಡಿಸಿ, ಚಹಾ ಕೊಟ್ಟು, ತೆಲುಗಿನಲ್ಲಿ ಶುರುಮಾಡಿದೆ. ನಮ್ಮ ಸೇಲ್ಸ್‌ಮನ್ ಸೀರೆ ಬಿಚ್ಚಿ, ವಾಡಿಕೆಯಂತೆ ಸೆರಗನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು ಅತ್ತ ಇತ್ತ ತಿರುಗಿ ತೋರಿಸಿದ. ಅವನದು ಎರಡೂ ಕೆನ್ನೆ ಮುಚ್ಚುವಂಥ ಮೀಸೆ.

ಮುದುಕಿ ತಮ್ಮಷ್ಟಕ್ಕೆ ತಾವು ಕನ್ನಡದಲ್ಲಿ ಅಂದರು: "ಇಂವಾ ಉಟ್ಟು ತೋರಿಸಿದ್ರ ಯಾವ ಸೀರಿ ಮಾನಾ ಉಳಿದೀತು."

ನಾನೂ ಕನ್ನಡದಲ್ಲೇ, ಹಂಗಾದ್ರ ನೀವ ಉಟ್ಟು ತೋರಿಸ್ರಿ ಅಕ್ಕಾರ, ಎಂದೆ. ಕನ್ನಡ ಕೇಳಿ ಅವರಿಗೆ ಖುಷಿಯಾಯಿತೋ ಸವಾಲು ಎನ್ನಿಸಿತೋ, ಎದ್ದೇಬಿಟ್ಟರು. ಉಟ್ಟ ಸೀರೆಯ ಮೇಲೆಯೇ ಅದನ್ನು ಸುತ್ತಿ, ನಿರಿಗೆ ಹಿಡಿದು, ಬಾಗಿಲಿನಿಂದ ಕನ್ನಡಿಯತನಕ ನಡೆದರು. ನಡೆದರು ಅನ್ನುವುದು ತಪ್ಪು, ಪ್ರವೇಶ ಮಾಡಿದರು. ಮದುವೆಯ ಜವಳಿಗೆ ನಿಜಾಮಾಬಾದ್ ಕಡೆಯಿಂದ ಬಂದ ಕುಟುಂಬವೊಂದು ಆವತ್ತು ಬೆಳಗಿನಿಂದ ಎಲ್ಲ ಸೀರೆಗೂ ಮೂಗು ಮುರಿಯುತ್ತ ಕೂತಿತ್ತು. ಅವರೆಲ್ಲ ಈ ಕಡೆ ತಿರುಗಿ, ನಮಗೂ ಅದೇ ತೆಗೆಯಿರಿ ಎಂದರು. ಆ ನಮೂನೆಯ ಗಂಟು ಅಲ್ಲಿಯೇ ಖಾಲಿಯಾಯಿತು.

ಕುಟುಂಬದ ಹಿರಿಯ ನನ್ನನ್ನು ಪಕ್ಕಕ್ಕೆ ಕರೆದು, ಈ ಅವ್ವನಿಗೆ ಏನು ಸಂಬಳ ಕೊಡುತ್ತೀರಿ, ನಮ್ಮೂರಿನ ನಮ್ಮ ಬಂಗಾರದ ಅಂಗಡಿಗೆ ಕಳಿಸಿಕೊಡುತ್ತೀರಾ ಎಂದು ಕೇಳಿದರು. ಅಷ್ಟರಲ್ಲಿ ನಮ್ಮ ಮೀಸೆಯವನಿಗೆ ಗುರುತು ಹತ್ತಿತ್ತು. ಹೆಗಲ ಮೇಲಿನ ಸೆರಗು ಸಮೇತ ಅವರ ಕಾಲಿಗೆ ಬಿದ್ದು, ಇವರು ಇಂಥವರು ಎಂದು ಕೂಗಿ ಹೇಳಿದ. ಅಂಗಡಿಗೆ ಅಂಗಡಿಯೇ ಎದ್ದು ನಿಂತಿತು. ಹಿರಿಯರು ಸಂಬಳ ಕೇಳಿದ್ದಕ್ಕೆ ಕೈಮುಗಿದು ತಪ್ಪಾಯಿತು ಎಂದರು.

ಅಕ್ಕಾರು ಸೀರೆ ಮಡಚುತ್ತ ಹೇಳಿದರು: "ತಪ್ಪೇನೈತ್ರಿ ಅದರಾಗ. ಮದ್ರಾಸಿನ್ಯಾಗ ನನ್ನ ಸಂಬಳಾ ಕೇಳಿ ದೊಡ್ಡ ದೊಡ್ಡವರು ಎದ್ದು ಹೋಗ್ಯಾರ. ಈ ಸಾವಕಾರ್ರು ನೋಡ್ರಿ, ಒಂದು ಕಪ್ ಚಾದಾಗ ಮುಗಿಸ್ಯಾರ."

ಊಟದ ಹೊತ್ತಿಗೆ ಸತ್ತವರು

ಅವತ್ತಿನಿಂದ ಅಕ್ಕಾರು ವಾರಕ್ಕೊಮ್ಮೆಯಾದರೂ ಅಂಗಡಿಗೆ ಬಂದು ಗಾದಿಯ ತುದಿಗೆ ಕೂಡುತ್ತಿದ್ದರು. ಚಹಾ ಕುಡಿಯುತ್ತ ಹಳೆಯದನ್ನು ಹೇಳುತ್ತಿದ್ದರು. ಅವರ ಮೊದಲ ಸಿನಿಮಾದ ಕತೆ ನಾನು ಎಷ್ಟು ಸಲ ಕೇಳಿದರೂ ಮತ್ತೆ ಹೇಳಿಸುತ್ತಿದ್ದೆ.

ಅದಕ್ಕೆ ಮೊದಲು ಕಂಪನಿ ನಾಟಕದ ಕಾಯಿದೆ ಗೊತ್ತಿರಬೇಕು. ನಾಟಕದಲ್ಲಿ ರಾಣಿ ವಿಷ ಕುಡಿದು, ಹಾಡು ಹೇಳಿ, ಸತ್ತು ಬಿದ್ದಳು ಎಂದಿಟ್ಟುಕೊಳ್ಳಿ. ಹಾಡು ಮಂದಿಗೆ ಸೇರಿತೆಂದರೆ "ವನ್ಸ್ ಮೋರ್" ಎಂದು ಕೂಗುತ್ತಾರೆ. ಕೂಗಿದರೆ ಸತ್ತ ರಾಣಿ ಎದ್ದು, ಕೈಮುಗಿದು, ಹಾಡನ್ನು ಮತ್ತೆ ಹಾಡಿ, ಮತ್ತೆ ಸಾಯಬೇಕು. ಕೂಗದಿದ್ದರೆ ಪರದೆ ಬೀಳುವತನಕ ಕದಲುವ ಹಾಗಿಲ್ಲ. ಸೊಳ್ಳೆ ಕಚ್ಚಲಿ, ಇರುವೆ ಹರಿಯಲಿ, ಸತ್ತವರು ಸತ್ತ ಹಾಗೆಯೇ ಇರಬೇಕು. ಕಂಪನಿ ಮಾಲಕರು ಈ ವಿಷಯದಲ್ಲಿ ಭಾರೀ ಕಟ್ಟುನಿಟ್ಟು. ಹೆಣ ಕಣ್ಣು ಪಿಳುಕಿಸಿದರೂ ಹೆಣಕ್ಕೆ ಆ ರಾತ್ರಿ ಊಟ ಇಲ್ಲ.

ಅಕ್ಕಾರು ಈ ಕಾಯಿದೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಮದ್ರಾಸಿಗೆ ಹೋದರು. ಮೊದಲ ಸಿನಿಮಾದಲ್ಲೂ ಸಾಯುವ ಹಾಡು. ಹಾಡಿದರು, ಬಿದ್ದರು. ನಿರ್ದೇಶಕರು "ಕಟ್" ಅಂದರು, ಭೇಷ್ ಅಂದರು, ಎಲ್ಲರೂ ಊಟಕ್ಕೆ ಹೋದರು. ಅಕ್ಕಾರು ಏಳಲಿಲ್ಲ. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಬಂದ ನಿರ್ಮಾಪಕರು ನೋಡುತ್ತಾರೆ, ನಾಯಕಿ ಬಿದ್ದಲ್ಲೇ ಬಿದ್ದಿದ್ದಾಳೆ, ಮೂಗಿನ ಮೇಲೆ ನೊಣ ಕೂತಿದೆ. ಎದೆ ಹಿಡಿದುಕೊಂಡು ಅವರೇ ಕುಸಿದರು. ನಿರ್ದೇಶಕರು ಓಡಿಬಂದು, ಯಾಕಮ್ಮಾ, ಆಗಲೇ ಕಟ್ ಹೇಳಿದೆನಲ್ಲ, ಎಂದು ಗೋಗರೆದರು.

ಅಕ್ಕಾರು ಮಲಗಿದಲ್ಲಿಂದಲೇ, ತುಟಿ ಕದಲಿಸದೆ ಹೇಳಿದರಂತೆ: "ಪರದೆ ಎಲ್ಲಿ ಬಿತ್ತ್ರಿ?"

ಯಾರ ದನಿ

ಆಗ ಟಿವಿಯಲ್ಲಿ ಭಾನುವಾರ ಸಂಜೆ ಹಳೆಯ ಸಿನಿಮಾ ಹಾಕುತ್ತಿದ್ದರು. ಒಂದು ಭಾನುವಾರ ಅಕ್ಕಾರದೇ ಸಿನಿಮಾ ಬಂತು. ಅವರ ಮನೆಯ ಟಿವಿ ಕೆಟ್ಟಿತ್ತು, ನಮ್ಮ ಮನೆಗೆ ಬಂದರು. ಅಕ್ಕಪಕ್ಕದವರೂ ಬಂದು ನೆಲದ ಮೇಲೆ ಕೂತರು. ಎದುರು ಮನೆಗೆ ಆಗಷ್ಟೇ ಬಂದಿದ್ದ ತೆಲುಗಿನ ಹೊಸ ಸೊಸೆಯೂ ಇದ್ದಳು. ನನ್ನ ಹೆಂಡತಿ ಒಳಗೆ ಮಂಡಕ್ಕಿ ಕಲಸುತ್ತಿದ್ದಳು, ಯಾರು ಯಾರೆಂದು ಆ ಹುಡುಗಿಗೆ ಹೇಳುವವರು ಇರಲಿಲ್ಲ.

ಪರದೆಯ ಮೇಲೆ ಹಾಡು ಶುರುವಾಯಿತು. ಸೊಸೆಯ ಕಣ್ಣಲ್ಲಿ ನೀರು. ಎಂಥ ಚೆಲುವೆ, ಎಂಥ ದನಿ, ಈಕೆಗೆ ಹಿಂದಿನಿಂದ ಹಾಡಿದವರು ಯಾರೋ ಎಂದು ಕೇಳಿದಳು. ಅಕ್ಕಾರು ಟಿವಿಯ ಜೊತೆಗೆ ಹಾಡತೊಡಗಿದರು. ಅದೇ ಶ್ರುತಿ, ಅದೇ ತಿರುವು. ದನಿಯ ಅಂಚು ಸ್ವಲ್ಪ ಸವೆದಿತ್ತು, ನೇಯ್ಗೆ ಹಾಗೆಯೇ ಇತ್ತು.

ಸೊಸೆ ಹಿಂದಿರುಗಿ ನೋಡಿ, ತೆಲುಗಿನಲ್ಲಿ, ಬಹಳ ಮರ್ಯಾದೆಯಿಂದ ಹೇಳಿದಳು: ಅಜ್ಜೀ, ಒಂಚೂರು ಸುಮ್ಮನೆ ಇರುತ್ತೀರಾ, ಹಾಡು ಕೇಳಿಸುತ್ತಿಲ್ಲ.

ನಾವು ಅವತ್ತು ನಕ್ಕಿದ್ದು ಇಷ್ಟಷ್ಟಲ್ಲ. ಅಕ್ಕಾರೂ ನಕ್ಕರು, ಮಂಡಕ್ಕಿ ತಿಂದರು, ಇವರೇ ಅವರೆಂದು ತಿಳಿದು ನಾಚಿ ಕೆಂಪಾಗಿದ್ದ ಸೊಸೆಯ ತಲೆಯ ಮೇಲೆ ಕೈಯಿಟ್ಟರು. ನಾನು ಅವರನ್ನು ಮನೆ ಮುಟ್ಟಿಸಲು ಹೋದೆ. ಗೇಟು ತೆಗೆಯುತ್ತ ಅಂದರು:

"ಸಾವಕಾರ್ರ, ಗದಗಿನ್ಯಾಗ ನಾನು ಒಂದು ಹಾಡಿಗೆ ಎಷ್ಟು ಸಲ ಸತ್ತೀನಿ ಲೆಕ್ಕ ಇಲ್ಲ. ಈ ಊರಾಗ ಇಷ್ಟು ವರ್ಷ ಆತು, ಒಬ್ಬನ ಬಾಯಾಗ ವನ್ಸ್ ಮೋರ್ ಕೇಳಿಲ್ಲ. ಒಂದ ಸಲ ಅನ್ನಿಸಿಕೊಂಡು ಹೋಗಬೇಕಂತ ಆಸೆ ಐತಿ ನೋಡ್ರಿ."

ಒಳಗೆ ಹೋಗಿ ದೀಪ ಹಾಕಿದರು.

ಒಂದೇ ಶಾಲು

ಈ ಊರು ಅಕ್ಕಾರನ್ನು ಮರೆತಿತ್ತೇ? ಇಲ್ಲ. ಗೌರವಿಸಿ ಗೌರವಿಸಿ ಸುಸ್ತುಮಾಡಿತ್ತು. ಅವರಿಗೊಂದು ಇವರಿಗೊಂದು ಸಂಘ, ಎಲ್ಲರಿಗೂ ವೇದಿಕೆಯ ಮೇಲೆ ಒಬ್ಬ ಹಳೆಯ ನಟಿ ಬೇಕು. ಶಾಲು ಹೊದಿಸುತ್ತಾರೆ, ಗಂಧದ ಹಾರ ಹಾಕುತ್ತಾರೆ, ಹಣ್ಣಿನ ಬುಟ್ಟಿ ಕೊಡುತ್ತಾರೆ, ಕೂಡಿಸುತ್ತಾರೆ. ಆಮೇಲೆ ಭಾಷಣ. ಹಾಡಿ ಎಂದು ಮಾತ್ರ ಯಾರೂ ಅನ್ನುವುದಿಲ್ಲ. ಹಾಡಲಿಕ್ಕೆ ಬೇರೆ ಆರ್ಕೆಸ್ಟ್ರಾ ಗೊತ್ತುಮಾಡಿರುತ್ತಾರೆ.

ಶಾಲು ಬಹುತೇಕ ನನ್ನ ಅಂಗಡಿಯದೇ. ಸಮಾರಂಭದ ಮರುದಿನ ಅಕ್ಕಾರು ಅದನ್ನು ಬುಟ್ಟಿಯಲ್ಲಿ ತಂದು, ಇದನ್ನ ಇಟ್ಕೊಂಡು ಎರಡು ಛಲೋ ಹಾಸಿಗಿ ಚಾದರ ಕೊಡ್ರಿ, ಎನ್ನುತ್ತಿದ್ದರು. ನಾನೂ ಕೊಡುತ್ತಿದ್ದೆ. ಹೊದಿಸಿಕೊಂಡದ್ದು ಒಂದೇ ಗಂಟೆ, ಮಾಲು ಹೊಸದೇ. ಮಡಿಕೆ ಸರಿಮಾಡಿ ಮತ್ತೆ ಕಪಾಟಿಗೆ ಹೋಗುತ್ತಿತ್ತು. ಮತ್ತೊಂದು ಸಂಘದವರು ಬಂದು ಅದನ್ನೇ ಒಯ್ಯುತ್ತಿದ್ದರು. ವ್ಯಾಪಾರದಲ್ಲಿ ಇದಕ್ಕೆ ಯಾರೂ ತಪ್ಪು ಅನ್ನುವುದಿಲ್ಲ.

ಹೀಗೆ ಒಂದು ನೀಲಿ ಶಾಲು ಅಕ್ಕಾರ ಮೈಮೇಲಿಂದ ನನ್ನ ಕಪಾಟಿಗೂ ಕಪಾಟಿನಿಂದ ಅವರ ಮೈಮೇಲಕ್ಕೂ ತಿರುಗುತ್ತಲೇ ಇತ್ತು. ಒಂದು ಸಭೆಯಲ್ಲಿ ನಾನು ಮುಂದಿನ ಸಾಲಿನಲ್ಲಿದ್ದೆ. ಅಧ್ಯಕ್ಷರು ಶಾಲು ಬಿಡಿಸಿದರು, ಚಪ್ಪಾಳೆ ಬಿತ್ತು. ಅಕ್ಕಾರು ಅದರ ಮೂಲೆಯನ್ನು ಬೆರಳಲ್ಲಿ ಹಿಡಿದು ನೋಡಿದರು. ಆಮೇಲೆ ನೆಟ್ಟಗೆ ನನ್ನ ಕಡೆ ನೋಡಿದರು. ಮೈಕು ಹತ್ತಿರವೇ ಇತ್ತು, ಶಾಲಿಗೆ ಅವರು ಅಂದ ಪಿಸುಮಾತು ಸಭೆಗೆಲ್ಲ ಕೇಳಿಸಿತು:

"ಬಾರವ್ವಾ. ನೀನಾರ ನನ್ನ ಬಿಟ್ಟು ಹೋಗವಲ್ಲಿ."

ಆಟೋದವನ ತಾಯಿ

ಇದು ಸಣ್ಣದು. ಅಕ್ಕಾರು ಒಂದು ದಿನ ಕೋಠಿಯಿಂದ ಹಿಮಾಯತ್‌ನಗರಕ್ಕೆ ಆಟೋ ಹತ್ತಿದರು, ನಾನೂ ಜೊತೆಗಿದ್ದೆ. ಆಟೋದವನು ಕನ್ನಡಿಯಲ್ಲಿ ನೋಡುತ್ತ ನೋಡುತ್ತ ಒಂದು ಬಸ್ಸಿಗೆ ಗುದ್ದುವುದರಲ್ಲಿದ್ದ. ಗಾಡಿ ಬದಿಗೆ ನಿಲ್ಲಿಸಿ, ಅಮ್ಮಾ, ಆಪ್ ತೋ ಮರ್‌ಗಯೇ ಥೇ ನಾ, ಎಂದ. ನೀವು ತೀರಿಹೋಗಿದ್ದಿರಲ್ಲವೇ ಎಂದು. ಸಿನಿಮಾದಲ್ಲಿ ಅವರು ವಿಷ ಕುಡಿದು ಸತ್ತದ್ದನ್ನು ತಾಯಿಯ ಜೊತೆ ನೋಡಿದ್ದನಂತೆ. ತಾಯಿ ಮನೆಗೆ ಬಂದು ಒಲೆ ಹಚ್ಚಲಿಲ್ಲವಂತೆ, ಮನೆಯವರೆಲ್ಲ ಉಪವಾಸವಂತೆ.

ಅಕ್ಕಾರು ಅವನ ಭಾಷೆಯಲ್ಲೇ ಹೇಳಿದರು, ಅಮ್ಮೀಗೆ ಹೇಳಪ್ಪಾ, ನಾನು ಎದ್ದೀನಿ, ಆಕಿ ಈಗ ಒಲಿ ಹಚ್ಚಲಿ.

ಎಲ್ಲರೂ ಎದ್ದು ನಿಂತರು

ಅಕ್ಕಾರ ಆಸೆ ಗೊತ್ತಾದ ಮೇಲೆ ನಾನು ಸುಮ್ಮನೆ ಕೂಡಲಿಲ್ಲ. ಮಾಲು ಛಲೋ ಇದ್ದು ಗಿರಾಕಿ ಇಲ್ಲ ಎಂದರೆ ತಪ್ಪು ವ್ಯಾಪಾರಿಯದು. ಜೀಡಿಮೆಟ್ಲಾದಲ್ಲಿ ನಮ್ಮ ಕಡೆಯವರೊಬ್ಬರ ಔಷಧಿ ಕಾರ್ಖಾನೆ ಇತ್ತು. ವಾರ್ಷಿಕೋತ್ಸವಕ್ಕೆ ಅಕ್ಕಾರನ್ನು ಕರೆಯಿರಿ, ಆದರೆ ಹಾಡಿಸಬೇಕು ಎಂದೆ. ಮಾಲಕರು ಒಪ್ಪಿದರು.

ಕಾರ್ಖಾನೆಯ ಅಂಗಳದಲ್ಲಿ ಪೆಂಡಾಲು. ಔಷಧಿಯ ವಾಸನೆಗೆ ನನಗೆ ಸೀನು ಬರುತ್ತಿತ್ತು, ಅಕ್ಕಾರ ಗಂಟಲು ಮಾತ್ರ ಗಟ್ಟಿ. ಹಾಡಿದರು. ಕಾರ್ಮಿಕರು ಉಸಿರು ಬಿಗಿಹಿಡಿದು ಕೇಳಿದರು. ಕೊನೆಯ ಸಾಲು ಮೇಲಕ್ಕೆ ಹೋಯಿತು, ನಿಂತಿತು. ಇನ್ನೇನು ಕೂಗು ಬೀಳಬೇಕು. ಆ ಹೊತ್ತಿಗೆ ಸರಿಯಾಗಿ ಪಾಳಿಯ ಸೈರನ್ ಆಯಿತು. ಇಡೀ ಪೆಂಡಾಲು ಒಂದೇ ಸಲಕ್ಕೆ ಎದ್ದು, ಸಾಲು ಹಚ್ಚಿ, ಒಳಗೆ ಹೋಯಿತು. ಉಳಿದದ್ದು ನಾನು, ಮಾಲಕರು, ಖಾಲಿ ಕುರ್ಚಿಗಳು.

ವಾಪಸ್ಸು ಬರುವಾಗ ಕಾರಿನಲ್ಲಿ, ಬಾಲಾನಗರ ದಾಟಿದ ಮೇಲೆ ಅಕ್ಕಾರೇ ಅಂದರು: "ಬ್ಯಾಸರಾ ಮಾಡಬ್ಯಾಡ್ರಿ. ಎಂಥೆಂಥಾ ಥೇಟರಿನ್ಯಾಗ ಹಾಡೀನಿ. ಹಿಂಗ ಎಲ್ಲಾರೂ ಒಮ್ಮೆಲೆ ಎದ್ದು ನಿಂತದ್ದು ಇದ ಮೊದಲು."

ಸೀರೆಯ ದಡಿ

ಕೊನೆಗೆ ನಮ್ಮ ಕನ್ನಡದವರ ಸಂಘವೇ ಅಕ್ಕಾರನ್ನು ಸನ್ಮಾನಿಸುವುದಾಗಿ ಹೇಳಿತು. ಅಕ್ಕಾರು ಅಧ್ಯಕ್ಷರಿಗೆ ಕರಾರು ಹಾಕಿದರು. ಶಾಲು ಬೇಡ. ಮೈಕು ಬೇಡ. ಒಂದು ಹಾರ್ಮೋನಿಯಂ ಕೊಡಿ, ಕಂಪನಿಯಲ್ಲಿ ಹಾಡುತ್ತಿದ್ದ ವಿಷ ಕುಡಿಯುವ ರಾಣಿಯ ಹಾಡು ಹಾಡುತ್ತೇನೆ. ಅಧ್ಯಕ್ಷರಿಗೆ ಎದೆಗುದಿ. ವಯಸ್ಸಾದವರು, ಮೈಕಿಲ್ಲದೆ ಹಾಡಿ ಏನಾದರೂ ಆದರೆ ಸಂಘದ ಗತಿ ಏನು. ಅದಕ್ಕೆಂದೇ ನಮ್ಮ ಓಣಿಯ ಕನ್ನಡದ ಡಾಕ್ಟರರನ್ನು ಮೊದಲ ಸಾಲಿನಲ್ಲಿ, ಮೆಟ್ಟಿಲ ಹತ್ತಿರ, ಕೂಡಿಸಿದರು. ನಾನೂ ನನ್ನ ಹೆಂಡತಿಯೂ ಎರಡನೆಯ ಸಾಲು.

ಅಕ್ಕಾರು ನನ್ನ ಅಂಗಡಿಯ ಹಸಿರು ಇಳಕಲ್ ಸೀರೆ ಉಟ್ಟು ಬಂದರು. ಕೆಂಪು ದಡಿ. ಮೈಕನ್ನು ಕೈಯಿಂದ ಪಕ್ಕಕ್ಕೆ ಸರಿಸಿದರು. ಮೊದಲ ಸಾಲು ಹಾಡುವಾಗ ಹಿಂದಿನ ಬಾಗಿಲಲ್ಲಿ ಚಹಾದ ಕಪ್ಪು ಸಪ್ಪಳ ಮಾಡುತ್ತಿದ್ದವರು ಸುಮ್ಮನಾದರು. ಎರಡನೆಯದಕ್ಕೆ ಬೀಸಣಿಗೆ ಆಡಿಸುತ್ತಿದ್ದವರ ಕೈ ನಿಂತಿತು. ಆ ದನಿ ಹಿಂದಿನ ಗೋಡೆಗೆ ಮುಟ್ಟಿ ವಾಪಸ್ಸು ಬರುತ್ತಿತ್ತು. ಯಾರ ದನಿ ಎಂದು ಅವತ್ತು ಯಾರೂ ಕೇಳಲಿಲ್ಲ. ಎದುರು ಮನೆಯ ತೆಲುಗಿನ ಸೊಸೆಯೂ ಬಂದಿದ್ದಳು, ಮಗುವನ್ನು ಎತ್ತಿಕೊಂಡು ನಿಂತೇ ಕೇಳಿದಳು. ರಾಣಿ ವಿಷದ ಬಟ್ಟಲು ಎತ್ತಿದಳು, ಕೊನೆಯ ಸ್ವರ ಹಿಡಿದಳು, ಬಿದ್ದಳು.

ಚಪ್ಪಾಳೆ ಇಲ್ಲ. ಎಲ್ಲರೂ ಹೆದರಿಬಿಟ್ಟಿದ್ದರು. ಅಕ್ಕಾರು ಏಳಲಿಲ್ಲ.

ಪರದೆಯನ್ನಾದರೂ ಎಳೆಯಬಹುದಿತ್ತು. ಆದರೆ ಪರದೆಗೆ ಸಂಘದ ಬ್ಯಾನರನ್ನು ಸೂಜಿ ಹಚ್ಚಿ ಕಟ್ಟಿದ್ದರು, ಅದು ಜಗ್ಗುವ ಹಾಗಿರಲಿಲ್ಲ. ಅಧ್ಯಕ್ಷರು ಬಗ್ಗಿ, ಅಮ್ಮಾ, ಅಮ್ಮಾ, ಎಂದರು. ಡಾಕ್ಟರರು ಮೆಟ್ಟಿಲು ಹಾರಿ ಹೋಗಿ ನಾಡಿ ಹಿಡಿದರು, ಕಣ್ಣು ಬಿಡಿಸಿ ನೋಡಿದರು. ನಾಡಿ ಇದೆ, ಆದರೆ ಪ್ರಜ್ಞೆ ಇಲ್ಲ, ಗಾಡಿ ತರಿಸಿ ಎಂದರು. ಮುಖ್ಯ ಅತಿಥಿ ಒಬ್ಬ ದೊಡ್ಡ ಅಧಿಕಾರಿ. ಅವರು ಎದ್ದು, ಪಕ್ಕಕ್ಕೆ ಸರಿಸಿದ್ದ ಮೈಕನ್ನು ಮತ್ತೆ ಎಳೆದುಕೊಂಡು, ಇಂಥ ಕಲಾವಿದೆಯ ಅಗಲಿಕೆ ನಮಗೆಲ್ಲ ತುಂಬಲಾರದ, ಎಂದು ಶುರುಮಾಡಿಯೇಬಿಟ್ಟರು. ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ನಾನೂ ಕರವಸ್ತ್ರ ತೆಗೆದೆ, ಸುಳ್ಳು ಯಾಕೆ ಹೇಳಲಿ.

ಆದರೆ ಸೀರೆ ವ್ಯಾಪಾರಿಯ ಕಣ್ಣು ಎಲ್ಲಿದ್ದರೂ ದಡಿಯ ಮೇಲೆ. ಆ ಕೆಂಪು ದಡಿಯ ಕೆಳಗೆ ಅಕ್ಕಾರ ಕಾಲಿನ ಹೆಬ್ಬೆರಳು ಕಾಣುತ್ತಿತ್ತು. ಹೆಬ್ಬೆರಳು ಆಡುತ್ತಿತ್ತು. ಸುಮ್ಮನೆ ಆಡುತ್ತಿರಲಿಲ್ಲ, ತಾಳ ಹಾಕುತ್ತಿತ್ತು. ಹಾಡು ಎತ್ತಿಕೊಳ್ಳುವ ಜಾಗಕ್ಕೆ ಬರುತ್ತಿತ್ತು, ಕಾಯುತ್ತಿತ್ತು, ಮತ್ತೆ ಮೊದಲಿನಿಂದ ಹಾಕುತ್ತಿತ್ತು.

ಅಕ್ಕಾರು ಸತ್ತಿರಲಿಲ್ಲ, ಮೂರ್ಛೆಯೂ ಹೋಗಿರಲಿಲ್ಲ. ಕಂಪನಿಯ ಕಾಯಿದೆಯಂತೆ ಬಿದ್ದಿದ್ದರು. ಪರದೆ ಬೀಳಬೇಕು, ಇಲ್ಲವೇ ಕೂಗು ಬೀಳಬೇಕು. ಈ ಊರು ಎರಡರಲ್ಲಿ ಒಂದನ್ನೂ ಮಾಡುತ್ತಿರಲಿಲ್ಲ.

ನಾನು ಎದ್ದು ನಿಂತು, ಹೊಟ್ಟೆಯ ದನಿಯೆಲ್ಲ ಸೇರಿಸಿ, "ವನ್ಸ್ ಮೋರ್" ಎಂದು ಕೂಗಿದೆ.

ಸಭೆಯೆಲ್ಲ ನನ್ನ ಕಡೆ ತಿರುಗಿತು. ಅವರ ಕಣ್ಣಲ್ಲಿ ಏನಿತ್ತೆಂದು ಬರೆಯುವುದು ಬೇಡ. ಹೆಂಡತಿ ನನ್ನ ಅಂಗಿ ಜಗ್ಗಿ, "ಬುದ್ಧಿ ಎಲ್ಲಿಟ್ಟು ಬಂದೀರಿ, ಕೂಡ್ರಿ ಕೆಳಗ" ಎಂದಳು. ಅಧಿಕಾರಿಗಳ ಭಾಷಣ ಅರ್ಧಕ್ಕೆ ನಿಂತಿತು.

ಅಕ್ಕಾರು ಎದ್ದು ಕೂತರು. ಡಾಕ್ಟರರ ಕೈಯಿಂದ ತಮ್ಮ ಕೈ ಬಿಡಿಸಿಕೊಂಡರು, ಸಭೆಗೆ ಕೈಮುಗಿದರು, ಹಾರ್ಮೋನಿಯಂನವರ ಕಡೆ ನೋಡಿ ತಲೆಯಾಡಿಸಿದರು. ಹಾಡು ಮೊದಲಿನಿಂದ ಶುರುವಾಯಿತು. ಮೊದಲಿಗಿಂತ ಒಂದು ಕೈ ಹೆಚ್ಚೇ. ವಿಷ ಕುಡಿದರು, ಬಿದ್ದರು. ಈ ಸಲ ನಾನು ಬಾಯಿ ತೆರೆಯುವ ಮೊದಲೇ ಇಡೀ ಸಭೆ ವನ್ಸ್ ಮೋರ್ ಎಂದು ಕೂಗಿತು. ಕನ್ನಡದವರು, ತೆಲುಗಿನವರು, ಬಾಗಿಲಲ್ಲಿದ್ದ ಚಹಾದವರು, ಎಲ್ಲರೂ. ಮತ್ತೆ ಎದ್ದರು, ಮತ್ತೆ ಹಾಡಿದರು, ಮತ್ತೆ ಸತ್ತರು. ನಾನು ಈ ಊರಿನಲ್ಲಿ ಹುಟ್ಟಿ ಬೆಳೆದವನು. ಈ ಊರಿನವನೆಂದು ಅಷ್ಟು ಹೆಮ್ಮೆ ನನಗೆ ಅದಕ್ಕೆ ಮೊದಲು ಎಂದೂ ಆಗಿರಲಿಲ್ಲ.

ಬ್ಯಾನರ್ ಹರಿದು ಪರದೆ ಎಳೆಯಬೇಕಾಯಿತು, ಇಲ್ಲದಿದ್ದರೆ ಯಾರೂ ಬಿಡುತ್ತಿರಲಿಲ್ಲ. ಅಧಿಕಾರಿಗಳು ಉಳಿದ ಅರ್ಧ ಭಾಷಣವನ್ನು ಜೇಬಿಗೆ ಹಾಕಿಕೊಂಡು ಹೋದರು. ಡಾಕ್ಟರರು ಹೊರಗೆ ನನ್ನ ಕೈ ಹಿಡಿದು, ಶೇಟ್ರ, ನಾಳೆ ನಮ್ಮ ವಾರ್ಡಿಗೆ ಬಂದು ಒಂದೊಂದು ಮಂಚದ ಹತ್ತಿರ ಹಂಗ ಕೂಗ್ತೀರೇನು, ಎಂದು ಕೇಳಿದರು.

ಅಕ್ಕಾರನ್ನು ನಾವೇ ಕಾರಿನಲ್ಲಿ ಕರೆದುಕೊಂಡು ಹೊರಟೆವು. ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿಯ ಕೈ ಹಿಡಿದು ಕಣ್ಣು ಮುಚ್ಚಿ ಕೂತಿದ್ದರು. ಮೊದಲು ಕೂಗಿದವರು ಯಾರು ಎಂದು ಕೇಳಿದರು. ನನಗೆ ಏನೋ ನಾಚಿಕೆ. ಯಾರೋ ಹಿಂದಿನ ಸಾಲಿನವರು ಅಕ್ಕಾರ, ಎಂದೆ.

"ಹಿಂದಿನ ಸಾಲಲ್ಲ, ಎರಡನೇ ಸಾಲು," ಅಂದರು ಅಕ್ಕಾರು ಕಣ್ಣು ತೆರೆಯದೆ. "ಬಣ್ಣಾ ಹೋಗಂಗಿಲ್ಲ ಅನ್ನೋ ದನಿ ನನಗ ಗುರ್ತು ಸಿಗಂಗಿಲ್ಲೇನು? ಮುಂದಿನ ಸಲ ಒಂಚೂರು ಲಗೂನ ಕೂಗ್ರಿ ಸಾವಕಾರ್ರ. ನೆಲಾ ಭಾಳ ತಣ್ಣಗಿತ್ತು."